ತಪ್ಪು ಲೆಕ್ಕದ ಹಂಪಮ್ಮ

ತಪ್ಪು ಉತ್ತರ ಕಿವಿಗೆ ಬಿದ್ದರೆ ಹಂಪಮ್ಮನವರ ಮುಖ ಅರಳುತ್ತಿತ್ತು. ಸರಿಯಾಗಿ ಹೇಳಿದ ಮಗುವಿಗೆ “ಹ್ಞೂಂ, ಶಾಣೇಕಿ” ಎಂದು ತಲೆಯಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ತಪ್ಪು ಹೇಳಿದ ಮಗು ಸಿಕ್ಕಿತೋ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಪಕ್ಕದಲ್ಲೇ ಕೂತು, “ಹೌದೇನು? ಅದು ಹ್ಯಾಂಗ ಬಂತು, ಹೇಳು ನೋಡೋಣ” ಎಂದು ಶುರುಮಾಡುತ್ತಿದ್ದರು. ಎಷ್ಟೋ ವರ್ಷ ಕಾಣದ ನೆಂಟರು ಬಾಗಿಲಿಗೆ ಬಂದಂತೆ ಇರುತ್ತಿತ್ತು ಆ ಸಂಭ್ರಮ.

ಒಮ್ಮೆ ನಮ್ಮ ಕಾಲೇಜಿನ ಗುಮಾಸ್ತರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಬಡಿಸುವವರು ಸಾಲಿನಲ್ಲಿ ಬರುತ್ತಿದ್ದರು. ಎದುರು ಪಂಕ್ತಿಯಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಅವಳ ಸೋದರಮಾವ “ಏಳೆಂಟ್ಲ ಎಷ್ಟಲೇ?” ಎಂದು ಕೆಣಕಿದ. ಹುಡುಗಿ “ಐವತ್ನಾಲ್ಕು” ಎಂದಳು. ಪಂಕ್ತಿ ಪೂರಾ ನಕ್ಕಿತು. ಹಂಪಮ್ಮ ಮಾತ್ರ ಎಲೆ ಬಿಟ್ಟು ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಹ್ಯಾಂಗ ಬಂತವ್ವ ಐವತ್ನಾಲ್ಕು?”

ಹುಡುಗಿ ಮೊದಲು ಅಳುಮುಖ ಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಆರೊಂಬತ್ಲ ಐವತ್ನಾಲ್ಕು ಅಂತ ನನಗ ಬರ್ತೈತ್ರಿ. ಒಂಬತ್ತರಾಗಿಂದು ಒಂದು ತಗದು ಆರಕ್ಕ ಕೊಟ್ಟೆ. ಏಳು, ಎಂಟು ಆತು. ಹೊರಗಿಂದ ಏನೂ ತಂದಿಲ್ಲ, ಹೊರಗ ಏನೂ ಹೋಗಿಲ್ಲ. ಅದಕ್ಕ ಅಷ್ಟ ಇರ್ತೈತಿ ಅಂದ್ಕೊಂಡೆ.”

“ಅಬ್ಬಬ್ಬಾ!” ಎಂದು ಹಂಪಮ್ಮ ತೊಡೆ ತಟ್ಟಿಕೊಂಡರು. “ಕೂಡೋ ಲೆಕ್ಕದಾಗ ನೀ ಹೇಳಿದ್ದು ಖರೇನ ಐತಿ. ಗುಣಿಸೋದ್ರಾಗ ಯಾಕ ಆಗಂಗಿಲ್ಲ? ಬಾ, ನೋಡೋಣ.” ತಾಂಬೂಲದ ತಟ್ಟೆಯಲ್ಲಿದ್ದ ಅಡಿಕೆ ಚೂರುಗಳನ್ನು ಇಬ್ಬರೂ ನೆಲದ ಮೇಲೆ ಸಾಲುಸಾಲಾಗಿ ಜೋಡಿಸತೊಡಗಿದರು. ಪಂಕ್ತಿ ಎದ್ದಿತು, ಎಲೆ ಎತ್ತಿದರು, ಇನ್ನೊಂದು ಪಂಕ್ತಿ ಕೂತಿತು. ಹಂಪಮ್ಮ ಊಟ ಮಾಡಿದ್ದು ಮನೆಯವರ ಜೊತೆ, ಕೊನೆಯಲ್ಲಿ. ಆ ಹುಡುಗಿ ಅವರ ಎಲೆಯ ಪಕ್ಕ ಬಿಟ್ಟು ಏಳಲಿಲ್ಲ.

ನಾನು ಅಂದು ಹೋಳಿಗೆಯನ್ನು ಬಿಸಿಬಿಸಿಯಾಗಿಯೇ ತಿಂದೆ. ಆದರೆ ಅದರ ರುಚಿ ನನಗೆ ಹತ್ತಲಿಲ್ಲ.

ಹೊಸಪೇಟೆಯ ಶಿಕ್ಷಕ ತರಬೇತಿ ಕಾಲೇಜಿಗೆ ನಾವಿಬ್ಬರೂ ಒಂದೇ ವರ್ಷ ಸೇರಿದವರು. ಇಬ್ಬರದೂ ಒಂದೇ ವಿಷಯ, ಗಣಿತ ಬೋಧನೆ. ಲೆಕ್ಕ ಕಲಿಸುವುದು ಹೇಗೆಂದು ಮುಂದೆ ಟೀಚರ್ ಆಗುವವರಿಗೆ ಕಲಿಸುವ ಕೆಲಸ. ಹಂಪಮ್ಮ ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ಎತ್ತರದ, ದಪ್ಪನೆಯ ಆಳು, ಅಗಲ ಮುಖ, ಗಿರಣಿಯ ಸದ್ದಿನ ನಡುವೆ ಮಾತಾಡಿ ಬೆಳೆದ ಗಂಟಲು. ಮದುವೆಯ ಗೊಡವೆಗೆ ಹೋಗಿರಲಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಅಕ್ಕ ಗೌರಮ್ಮನವರ ಜೊತೆ ಕಾಲುವೆ ದಂಡೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದರು. ಸ್ಕೂಟರ್ ಓಡಿಸುತ್ತ ಪಕ್ಕದಲ್ಲಿ ಹೋಗುವವರ ಜೊತೆ ಮಾತಾಡುವ ಚಟವಿತ್ತು. ಕ್ಲಾಸಿಗೆ ತಡ, ಸ್ಟಾಫ್ ಮೀಟಿಂಗಿಗೆ ಇನ್ನೂ ತಡ. ಬೋರ್ಡಿನ ಮೇಲೆ ಅವರು ಎಳೆದ ವೃತ್ತ ಯಾವತ್ತೂ ಬದನೆಕಾಯಿಯೇ.

ನನ್ನ ವೃತ್ತವನ್ನು ಕೈವಾರವಿಲ್ಲದೆ ಎಳೆದದ್ದೆಂದು ಯಾರೂ ನಂಬುತ್ತಿರಲಿಲ್ಲ. ನನ್ನ ಅಕ್ಷರ ಮುತ್ತಿನ ಸಾಲು. ನನ್ನ ಪಾಠ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಇಷ್ಟೆಲ್ಲ ಇದ್ದೂ, ಅಭ್ಯಾಸ ಪಾಠಕ್ಕೆ ಯಾವ ಮೇಡಂ ಜೊತೆ ಹೋಗುತ್ತೀರೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಹಂಪಮ್ಮನವರ ಹೆಸರು ಹೇಳಿ, ನನ್ನನ್ನು ನೋಡಿ, ತಲೆ ತಗ್ಗಿಸುತ್ತಿದ್ದರು. ನನಗೆ ಹಂಪಮ್ಮನವರನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಾವು ತಂದ ಮಿರ್ಚಿ ಮಂಡಕ್ಕಿಯನ್ನು ಮೊದಲು ನನ್ನ ಮೇಜಿಗೇ ಇಟ್ಟು, “ತಿನ್ರಿ ಸುಜಾತಾ, ಬಿಸಿ ಅದಾವ” ಎನ್ನುವ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಂಡಿರುವುದು ಬಹಳ ಕಷ್ಟದ ಕೆಲಸ.

ಗಾದಿಗನೂರಿನ ಶಾಲೆಯಲ್ಲಿ ಒಮ್ಮೆ ಇಬ್ಬರಿಗೂ ಒಟ್ಟಿಗೆ ಮೇಲ್ವಿಚಾರಣೆ ಬಿತ್ತು. ನಮ್ಮ ವಿದ್ಯಾರ್ಥಿನಿಯೊಬ್ಬಳು ವ್ಯವಕಲನ ಕಲಿಸುತ್ತಿದ್ದಳು. ನಾನೇ ಕೂತು ತಿದ್ದಿದ ಪಾಠ ಯೋಜನೆ ಅವಳದು, ಎಲ್ಲೂ ಎಡವಲಿಲ್ಲ. ಕೊನೆಗೆ ಮಕ್ಕಳಿಗೆ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಲು ಕೊಟ್ಟಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂವತ್ತೈದು ಎಂದು ಬರೆದಿದ್ದಳು. ನಮ್ಮ ವಿದ್ಯಾರ್ಥಿನಿ ಅವಳ ಸ್ಲೇಟಿನ ಮೇಲೆ ಕಾಟು ಹಾಕಿ, ಪಕ್ಕದಲ್ಲಿ ಇಪ್ಪತ್ತೈದು ಎಂದು ಚೆಂದವಾಗಿ ಬರೆದು ಮುಂದೆ ಹೋದಳು. ನಾನು ಕಲಿಸಿದ್ದು ಹಾಗೆಯೇ.

ಹಂಪಮ್ಮ ಹಿಂದಿನ ಬೆಂಚಿನಿಂದ ಎದ್ದು ಬಂದು ಆ ಹುಡುಗಿಯ ಪಕ್ಕ ನೆಲಕ್ಕೆ ಕೂತರು.

“ಎರಡರಾಗ ಏಳು ಹೋಗಂಗಿಲ್ರಿ” ಎಂದು ಹುಡುಗಿ ವಿವರಿಸಿದಳು. “ಏಳರಾಗ ಎರಡು ಹೋಗ್ತೈತಿ. ಅದಕ್ಕ ಹಂಗ ಮಾಡಿದೆ. ಇಲ್ಲಂದ್ರ ಲೆಕ್ಕ ಅಲ್ಲೇ ನಿಂತುಬಿಡ್ತೈತಲ್ರಿ.”

“ನಿಲ್ಲಬಾರ್ದು ಅಂತ ಹಾದಿ ಹುಡುಕೀದಿ. ಮಸ್ತ್! ಈಗ ಹೇಳು, ನಿಮ್ಮನ್ಯಾಗ ಖಡಕ್ ರೊಟ್ಟಿ ಹ್ಯಾಂಗ ಇಡ್ತೀರಿ?”

“ಹತ್ತತ್ತು ಒಂದು ಗಂಟು ಕಟ್ಟಿ ಇಡ್ತಾಳ್ರಿ ಅವ್ವ.”

“ಐದು ಗಂಟು ಅದಾವ, ಎರಡು ಬಿಡಿ ರೊಟ್ಟಿ ಅದಾವ. ನಾನು ಬಂದು ಏಳು ರೊಟ್ಟಿ ಕೇಳಿದೆ. ಎರಡ ಅದಾವ ಅಂತ ನನ್ನ ಹೊಳ್ಳಿ ಕಳಿಸ್ತೀಯೇನು?”

ಹುಡುಗಿ ಅವರ ಮುಖವನ್ನೇ ನೋಡಿದಳು. “ಒಂದು ಗಂಟು ಬಿಚ್ತೀನ್ರಿ!” ಎಂದು ಕೂಗಿದವಳೇ ಸ್ಲೇಟನ್ನು ಸೆರಗಿನಂತೆ ಹಿಡಿದಿದ್ದ ಲಂಗದ ತುದಿಯಿಂದ ಒರೆಸಿದಳು. ಅಷ್ಟರಲ್ಲಿ ನಮ್ಮ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ತರಗತಿ ಬಿಟ್ಟು ಬಂದು ಕಿಟಕಿಗೆ ಜೋತುಬಿದ್ದಿದ್ದರು. ನನ್ನ ವಿದ್ಯಾರ್ಥಿನಿಯೂ ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡೇ ಅಲ್ಲಿ ನಿಂತಿದ್ದಳು.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಹಂಪಮ್ಮ ನಮ್ಮ ವಿದ್ಯಾರ್ಥಿಗಳಿಗೆ ಹೇಳಿದ ಮಾತು ಕಾಲೇಜಿನಲ್ಲಿ ಗಾದೆಯಂತೆ ಓಡಾಡಿತು. “ತಪ್ಪಿಗೂ ಒಂದು ಮನಿ ಇರ್ತೈತ್ರವ್ವ. ಅದು ಎಲ್ಲಿಂದ ಬಂತು ಅಂತ ಮನಿ ನೋಡಿ ಬರ್ರಿ. ನೋಡದ ಹೊರಗ ಹಾಕಬ್ಯಾಡ್ರಿ.” ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕೂತಿದ್ದೆ. ಇಂಥ ಒಂದು ಮಾತು ನನ್ನ ಬಾಯಿಂದ ಯಾಕೆ ಬರುವುದಿಲ್ಲ ಎಂದು ಹೊಸಪೇಟೆ ಬರುವ ತನಕ ಯೋಚಿಸಿದೆ.

ಆಮೇಲೆ ಒಂದು ಸಂಶೋಧನೆಯ ಕೆಲಸ ಬಂತು. ಹಳ್ಳಿ ಶಾಲೆಯ ಮಕ್ಕಳು ಭಿನ್ನರಾಶಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದರ ಅಧ್ಯಯನ. ಪ್ರಾಂಶುಪಾಲರು ನಮ್ಮಿಬ್ಬರನ್ನೂ ಅದಕ್ಕೆ ಹಾಕಿದರು. ಇದು ನನ್ನ ಹೊಲ ಎಂದುಕೊಂಡೆ. ಪ್ರಶ್ನಾವಳಿ ನಾನೇ ಮಾಡಿದೆ. ಒಂದೊಂದು ಪ್ರಶ್ನೆಯನ್ನೂ ಅಕ್ಕಸಾಲಿಗನ ಹಾಗೆ ತೂಗಿ ಇಟ್ಟೆ. ಕಂಪ್ಲಿ, ಸಂಡೂರು ಕಡೆಯ ಶಾಲೆಗಳಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದೆ. ಹಂಪಮ್ಮ ನನ್ನ ಹಿಂದೆಯೇ ಬಂದು ಅದೇ ಮಕ್ಕಳ ಜೊತೆ ಹರಟೆ ಹೊಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಅವರಿಗೆ ವಹಿಸಿದ್ದು ಅಷ್ಟೇ ಕೆಲಸ.

ಸಂಡೂರಿನಲ್ಲಿ ಲಾರಿ ಡ್ರೈವರ್ ಒಬ್ಬರ ಮಗಳಿದ್ದಳು. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ನಾನು ಕೇಳಿದ್ದಕ್ಕೆ “ಕಾಲು ದೊಡ್ಡದಾಗಬಹುದ್ರಿ” ಎಂದಳು. ನಾನು ತಪ್ಪು ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಎಲ್ಲ ಮಕ್ಕಳಿಗೂ ಒಂದೇ ರೀತಿ, ಒಂದೇ ವೇಗದಲ್ಲಿ ಕೇಳಬೇಕೆಂಬುದು ನಿಯಮ, ನಾನು ನಿಯಮ ಮುರಿದವಳಲ್ಲ.

ನಮ್ಮ ಕಾಲೇಜಿನಲ್ಲೇ ವಿಚಾರ ಸಂಕಿರಣ ನಡೆಯಿತು. ಬೇರೆ ಊರುಗಳಿಂದ ಪ್ರಾಧ್ಯಾಪಕರು ಬಂದಿದ್ದರು. ನಾನು ಕೋಷ್ಟಕಗಳನ್ನು ತೋರಿಸಿ, ಎಷ್ಟು ಮಕ್ಕಳು ಎಲ್ಲಿ ಎಡವಿದರೆಂದು ಹೇಳಿ ಕೂತೆ. ನಾಲ್ಕು ಚಪ್ಪಾಳೆ ಬಿದ್ದವು. ಹಂಪಮ್ಮ ಎದ್ದು ಮೈಕಿಗೆ ಫೋನು ಹಿಡಿದರು. ಸಂಡೂರಿನ ಆ ಹುಡುಗಿಯ ದನಿ ಸಭಾಂಗಣದ ತುಂಬ ಕೇಳಿಸಿತು.

“ಯಾವುದರ ಅರ್ಧ, ಯಾವುದರ ಕಾಲು ಅಂತ ಮೊದ್ಲು ಹೇಳ್ರಿ ಟೀಚರ್. ನಮ್ಮಪ್ಪನ ಲಾರಿ ಕಾಲು ಭಾಗ ಅದಿರು ತುಂಬಿದ್ರ ಅದು ನಮ್ಮ ಕಾಕಾನ ಟ್ರ್ಯಾಕ್ಟರಿನ ಅರ್ಧಕ್ಕಿಂತ ಹೆಚ್ಚಿರ್ತೈತಿ. ಆ ಮೇಡಮ್ಮಾರು ಯಾವುದರದ್ದು ಅಂತ ಹೇಳಲಿಲ್ಲ.”

ಸಭೆ ಮಳೆ ಬಿದ್ದ ಹಾಗೆ ಚಪ್ಪಾಳೆ ತಟ್ಟಿತು. ‘ಆ ಮೇಡಮ್ಮಾರು’ ಮುಂದಿನ ಸಾಲಿನಲ್ಲೇ ಕೂತಿದ್ದಳು. ಇಡೀ ವಸ್ತು ಯಾವುದೆಂದು ಹೇಳದೆ ಭಾಗಗಳನ್ನು ಹೋಲಿಸಬಾರದು ಎಂಬುದನ್ನು ನಾನು ಎಷ್ಟೋ ವರ್ಷ ಕಲಿಸಿದ್ದೆ. ಆ ಹುಡುಗಿ ನನಗೂ ಅದನ್ನೇ ಹೇಳಲು ಹೊರಟಿದ್ದಳು. ನನ್ನ ಎದುರಿಗೆ ಕೂತು ಒಂದು ಮಾತಿನಲ್ಲಿ ಮುಗಿಸಿದವಳು ಅವರ ಎದುರಿಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಊಟದ ಹೊತ್ತಿನಲ್ಲಿ ಹೊರಗಿನವರೆಲ್ಲ ಹಂಪಮ್ಮನವರ ಸುತ್ತ ಸೇರಿದರು. ಪ್ರಾಂಶುಪಾಲರು ನನ್ನ ಹತ್ತಿರ ಬಂದು, “ನಿಮ್ಮ ಕೋಷ್ಟಕಗಳೂ ಚೆನ್ನಾಗಿದ್ದವು ಮೇಡಂ” ಎಂದರು. ಆ ‘ಊ’ ಎಂಬ ಒಂದು ಅಕ್ಷರ ನನ್ನನ್ನು ತಿಂಗಳುಗಟ್ಟಲೆ ಚುಚ್ಚಿತು.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ನನ್ನ ಮಗಳ ವಿಷಯ.

ಸಿಂಧು ಆಗ ಏಳನೇ ತರಗತಿಯಲ್ಲಿದ್ದಳು. ಗಣಿತ ಟೀಚರುಗಳಿಗೇ ಗಣಿತ ಕಲಿಸುವವಳ ಮಗಳಿಗೆ ಲೆಕ್ಕವೆಂದರೆ ಜ್ವರ. ಮಾವ ಬಂದರೂ, ಅತ್ತೆ ಬಂದರೂ ಅದೇ ಮಾತು. “ತಾಯಿ ಟೀಚರ್ರು, ಮಗಳು ಹಿಂಗ್ಯಾಕ?” ನಮ್ಮ ಮನೆಯವರು ಸ್ಟೀಲ್ ಕಾರ್ಖಾನೆಯ ಶಿಫ್ಟಿಗೆ ಹೋದ ಮೇಲೆ ಸಂಜೆ ಅವಳನ್ನು ಕೂರಿಸಿಕೊಳ್ಳುತ್ತಿದ್ದೆ. ಹತ್ತು ನಿಮಿಷಕ್ಕೆ ನನ್ನ ದನಿ ಏರುತ್ತಿತ್ತು, ಅವಳ ಕಣ್ಣು ತುಂಬುತ್ತಿತ್ತು. ಹೀಗಿರುವಾಗ ಅವಳು ವಾರಕ್ಕೆರಡು ಸಂಜೆ ಗೆಳತಿಯ ಮನೆಯಲ್ಲಿ ಚಿತ್ರ ಬರೆಯುತ್ತೇನೆಂದು ಹೋಗತೊಡಗಿದಳು. ಹೋಗಲಿ, ಅದರಲ್ಲಾದರೂ ಖುಷಿಯಾಗಿರಲಿ ಎಂದು ಬಿಟ್ಟೆ.

ಒಂದು ಸಂಜೆ ಸಂತೆಯಿಂದ ಕಾಲುವೆ ದಂಡೆಯ ಮೇಲೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಹಂಪಮ್ಮನವರ ಬಾಗಿಲಲ್ಲಿ ಸಿಂಧುವಿನ ಚಪ್ಪಲಿ ಕಂಡವು. ಸ್ಕೂಟರ್ ನಿಲ್ಲಿಸಿ ಇಳಿದರೆ ಒಳಗಿನಿಂದ ಅವಳ ನಗು ಕೇಳಿಸಿತು. ಲೆಕ್ಕದ ಪುಸ್ತಕದ ಮುಂದೆ ಅವಳು ನಕ್ಕಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಿಟಕಿಯ ಹತ್ತಿರ ಕಾಲು ತಾನಾಗಿ ನಿಂತಿತು.

“ಮನ್ಯಾಗ ಇದನ್ನ ಅಮ್ಮಗ ಹೇಳಬೇಕಿಲ್ಲೇನು?” ಎಂದು ಹಂಪಮ್ಮ ಕೇಳುತ್ತಿದ್ದರು.

“ಅಮ್ಮ ಕೇಳಿದ್ರ ಬಂದಿದ್ದೂ ಮರ್ತು ಹೋಗ್ತೈತ್ರಿ ಆಂಟಿ. ಅಮ್ಮ ಕೆಂಪು ಪೆನ್ನು ತಗದು ಹಿಡ್ಕೊಂಡ ಕುಂತಿರ್ತಾಳ.”

ಕಿಟಕಿ ಬಿಟ್ಟು ಬಾಗಿಲಿಗೆ ಬಂದೆ. ಒಳಗೆ ಹೋದೆ. ಗೌರಮ್ಮನವರು ಅಡುಗೆಮನೆಯಿಂದ ಇಣುಕಿ “ಬರ್ರಿ, ಬರ್ರಿ” ಎಂದರು. ಹಂಪಮ್ಮ ಎದ್ದು ಚಾಪೆಯ ಮೇಲೆ ಜಾಗ ಮಾಡಿದರು.

“ಕುಂದ್ರಿ ಸುಜಾತಾ. ಅಕ್ಕಾ, ಚಾ ಇಡು.”

“ಕುಂದ್ರಾಕ ಬಂದಿಲ್ರಿ. ನನ್ನ ಮಗಳಿಗೆ ಲೆಕ್ಕ ಹೇಳಿಕೊಡಾಕ ಆಕೀ ತಾಯಿ ಅದಾಳ. ನೀವು ಬ್ಯಾಡ.”

“ನಾ ಏನೂ ಹೇಳಿಕೊಟ್ಟಿಲ್ರಿ. ಆಕಿ ಹೇಳ್ತಾಳ, ನಾ ಕೇಳ್ತೀನಿ. ಅಷ್ಟ.”

“ಕೇಳಾಕ ನಮ್ಮನ್ಯಾಗ ಕಿವಿ ಇಲ್ಲೇನ್ರಿ? ಶಾಲಿ ಮಕ್ಕಳು ನಿಮ್ಮವ್ರು, ನಮ್ಮ ಸ್ಟೂಡೆಂಟ್ಸೂ ನಿಮ್ಮವ್ರು. ಇದೊಂದು ಕೂಸನ್ನರ ನನಗ ಬಿಡ್ರಿ.”

ಎಂಥ ಉತ್ತರ ಕೊಟ್ಟರೂ ಅದಕ್ಕೊಂದು ಪ್ರಶ್ನೆ ಇಟ್ಟುಕೊಂಡಿರುತ್ತಿದ್ದ ಹಂಪಮ್ಮ ಅಂದು ಏನೂ ಕೇಳಲಿಲ್ಲ. ಸಿಂಧು ಪುಸ್ತಕ ಚೀಲಕ್ಕೆ ತುಂಬಿಕೊಂಡು ಬಂದಳು. ಸ್ಕೂಟರಿನ ಹಿಂದೆ ಕೂತವಳು ಎಂದಿನಂತೆ ನನ್ನ ಸೊಂಟ ಹಿಡಿಯಲಿಲ್ಲ. ಅಂದಿನಿಂದ ಮನೆಯಲ್ಲಿ ಲೆಕ್ಕದ ಜಗಳ ನಿಂತಿತು. ಹೇಳಿದ್ದನ್ನು ಬರೆಯುತ್ತಿದ್ದಳು, ತಿದ್ದಿದ್ದನ್ನು ನೋಡುತ್ತಿದ್ದಳು. ನನಗೆ ಜಗಳವೇ ವಾಸಿಯಿತ್ತು.

ಕಾಲೇಜಿನಲ್ಲಿ ನಾವಿಬ್ಬರೂ ಬೇಕಾದಷ್ಟೇ ಮಾತಾಡಿಕೊಂಡು ಒಂದಷ್ಟು ಕಾಲ ಕಳೆದೆವು. ಮಿರ್ಚಿ ಮಾತ್ರ ನನ್ನ ಮೇಜಿಗೆ ಬರುತ್ತಲೇ ಇತ್ತು. ನಾನು ತಿನ್ನುತ್ತಿರಲಿಲ್ಲ.

ಒಂದು ಭಾನುವಾರ ಬಾಗಿಲು ತೆರೆದರೆ ಹಂಪಮ್ಮ ನಿಂತಿದ್ದರು, ಬಗಲಲ್ಲಿ ಒಂದು ಕಂತೆ ಕಾಗದ. ಸಂಡೂರು, ಕಂಪ್ಲಿಯ ಮಕ್ಕಳ ಮಾತುಗಳ ಮೇಲೆಯೇ ಅವರು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದರು. ಅಂಕಿಅಂಶವಿಲ್ಲದೆ ಪ್ರಬಂಧ ನಡೆಯುವುದಿಲ್ಲವೆಂದು ಮಾರ್ಗದರ್ಶಕರು ಪಟ್ಟು ಹಿಡಿದಿದ್ದರಂತೆ.

“ನನಗ ಈ ಸಂಖ್ಯಾಶಾಸ್ತ್ರ ತಲಿಗೆ ಹತ್ತಂಗಿಲ್ರಿ. ಓದುವಾಗಿಂದ್ಲೂ ಹಿಂಗ. ನೀವ ಹೇಳಿಕೊಡಬೇಕು.”

ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಬಾಗಿಲಲ್ಲೇ ನಿಂತು ಪಾಠ ಶುರುಮಾಡುತ್ತಿದ್ದೆನೋ ಏನೋ. ನಡುಮನೆಯಲ್ಲಿ ಕೂತೆವು. ಸಿಂಧು ದೂರದಲ್ಲಿ ಗೋಡೆಗೊರಗಿ ನಿಂತಳು. ಸರಾಸರಿಯಿಂದ ಆರಂಭಿಸಿದೆ. ಒಂದು ಶಾಲೆಯ ಮಕ್ಕಳ ಅಂಕಗಳ ಸರಾಸರಿ ಐದು ಬಂದರೆ ಏನರ್ಥ ಎಂದು ಕೇಳಿದೆ.

“ಅರ್ಧ ಮಕ್ಕಳು ಐದರಕಿಂತ ಮ್ಯಾಲೆ, ಅರ್ಧ ಮಕ್ಕಳು ಐದರಕಿಂತ ಕೆಳಗ” ಎಂದರು ಹಂಪಮ್ಮ.

“ತಪ್ಪು” ಎಂದೆ. ಆ ಪದವನ್ನು ಅವರಿಗೆ ಹೇಳಿದಾಗ ಬಾಯಿಗೆ ಸಿಹಿಯಾಯಿತು.

“ಅಮ್ಮಾ” ಎಂದಳು ಸಿಂಧು ಗೋಡೆಯ ಕಡೆಯಿಂದ. “ಹ್ಯಾಂಗ ಬಂತು ಅಂತ ಕೇಳು.”

ನನ್ನ ಮನೆಯಲ್ಲಿ, ನನ್ನ ಮಗಳು, ಅವರ ಮಾತನ್ನು ನನಗೆ ಹೇಳಿಕೊಡುತ್ತಿದ್ದಳು. ಮೈ ಉರಿಯಿತು. ಆದರೂ ಕೇಳಿದೆ. ಹಂಪಮ್ಮ ಎರಡೂ ಅಂಗೈ ಅಗಲಿಸಿ, “ಸರಾಸರಿ ಅಂದ್ರ ನಟ್ಟನಡುವ ಅಲ್ರಿ? ನಡುವ ಗೆರಿ ಹೊಡೆದ್ರ ಈ ಕಡೆ ಅರ್ಧ ಮಂದಿ, ಆ ಕಡೆ ಅರ್ಧ ಮಂದಿ ಇರಬೇಕಲ್ರಿ” ಎಂದರು. ನಾನು ಸೂತ್ರ ಬರೆಯಲು ಪೆನ್ನೆತ್ತಿದೆ. ಅಷ್ಟರಲ್ಲಿ ಸಿಂಧು ಬಂದು ನಮ್ಮಿಬ್ಬರ ನಡುವೆ ಕೂತುಬಿಟ್ಟಳು.

“ಆಂಟಿ, ಡ್ಯಾಂ ಪಾರ್ಕಿನಾಗ ಏರಿಳಿ ಹಲಗಿ ಐತಲ್ರಿ? ನೀವು ಒಬ್ರ ಆ ತುದಿಗೆ ಕುಂತ್ರ ಈ ಕಡೆ ನಾನು, ನನ್ನ ಗೆಳತ್ಯಾರು ಎಲ್ರೂ ಕುಂತ್ರ ಅಷ್ಟ ಸಮ ಆಗೋದು. ಮಂದಿ ಸಮ ಇರಂಗಿಲ್ಲ. ಭಾರ ಸಮ ಇರ್ತೈತಿ. ಸರಾಸರಿ ಅಂದ್ರ ಅದಲ್ಲೇನಮ್ಮ?”

ನನ್ನ ಪೆನ್ನು ಕೈಯಲ್ಲೇ ಉಳಿಯಿತು. ಇಷ್ಟು ಚೆನ್ನಾಗಿ ನಾನೇ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಹಂಪಮ್ಮ ತಮ್ಮ ದಪ್ಪದ ಮೇಲೆ ಬಂದ ಆ ಮಾತಿಗೆ ಮನೆಯ ಸೂರು ಹಾರುವಂತೆ ನಕ್ಕರು. ಆಮೇಲೆ ಎಷ್ಟೋ ಭಾನುವಾರ ಬಂದರು. ನಾನು ಕಲಿಸಿದೆ, ಅವರು ತಪ್ಪಿದರು, ಸಿಂಧು ನಡುವೆ ಕೂತು ಇಬ್ಬರನ್ನೂ ತಿದ್ದಿದಳು. ಯಾವಾಗಲೋ ಒಮ್ಮೆ ನನ್ನ ದನಿ ಏರುವುದು ನಿಂತಿದ್ದು ನನಗೇ ಗೊತ್ತಾಗಲಿಲ್ಲ. ಸಿಂಧು ತಾನಾಗಿ ಪುಸ್ತಕ ತಂದು ನನ್ನ ಮುಂದೆ ಇಟ್ಟ ದಿನ ಮಾತ್ರ ಗೊತ್ತಾಯಿತು.

“ಖರೇ ಹೇಳ್ರಿ, ನಿಮಗ ಸರಾಸರಿ ಗೊತ್ತಿರಲಿಲ್ಲೇನು?” ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಕೇಳಿದೆ.

“ನನಗ ನಾಟಕ ಮಾಡಾಕ ಬರಂಗಿಲ್ರಿ” ಎಂದರು ಅವರು. ನಿಜವೋ ಸುಳ್ಳೋ ಇಂದಿಗೂ ತಿಳಿಯದು. ನಿಜವಾಗಿದ್ದರೆ ಅವರು ನನ್ನ ವಿದ್ಯಾರ್ಥಿನಿ. ಸುಳ್ಳಾಗಿದ್ದರೆ ಮಗಳನ್ನು ನನಗೆ ವಾಪಸು ತಂದುಕೊಟ್ಟವರು. ಎರಡನೆಯದನ್ನು ನೆನೆದಾಗಲೆಲ್ಲ ಕೃತಜ್ಞತೆಗಿಂತ ಮೊದಲು ನನಗೆ ಬರುವುದು ಅದೇ ಹಳೆಯ ಉರಿ. ಇಷ್ಟು ದೊಡ್ಡ ಮನಸ್ಸು ಇವರಿಗೇ ಯಾಕೆ ಇರಬೇಕು?

ಪಿಎಚ್.ಡಿ. ಮುಗಿಯಿತು. ಅದರ ಮರುವರ್ಷವೇ ಹಂಪಮ್ಮನವರಿಗೆ ಹೊಟ್ಟೆಯೊಳಗೆ ಗಡ್ಡೆಯೆಂದು ತಿಳಿಯಿತು. ಬಳ್ಳಾರಿ, ಹುಬ್ಬಳ್ಳಿ ಎಂದು ಓಡಾಡಿದರು. ಕೂದಲು ಹೋದ ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಕಾಲೇಜಿಗೂ ಬಂದರು. ಆಮೇಲೆ ಬರಲಾಗಲಿಲ್ಲ. ಗೌರಮ್ಮನವರು ಅವರನ್ನು ಕಂಪ್ಲಿಯ ಮನೆಗೆ ಕರೆದುಕೊಂಡು ಹೋದರು. ಅಭ್ಯಾಸ ಪಾಠದ ಮೇಲ್ವಿಚಾರಣೆ ಪೂರ್ತಿ ನನ್ನ ಪಾಲಿಗೆ ಬಂತು. ಇಷ್ಟು ವರ್ಷ ನಾನು ಬೇಕೆಂದಿದ್ದು ಅದೇ. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಾಗ ಪಕ್ಕದ ಜಾಗ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ.

ಕೊನೆಯ ಸಲ ನೋಡಲು ಹೋದದ್ದು ಬುಧವಾರ ಮಧ್ಯಾಹ್ನ, ಕಂಪ್ಲಿ ಬಸ್ಸಿನಲ್ಲಿ. ಮಂಚದ ಮೇಲೆ ಅರ್ಧವಾಗಿದ್ದರು ಹಂಪಮ್ಮ. ದನಿಯೂ ಇಳಿದಿತ್ತು. ಕಾಯಿಲೆಯ ಮಾತು ಬೇಡವೆಂಬಂತೆ ಕೈಯಾಡಿಸಿ, “ಶಾಲಿಗೆ ಹೋಗಿದ್ರೇನು? ಯಾರರ ಏನರ ಹೇಳಿದ್ರೇನು?” ಎಂದರು.

ಹೇಳಿದ್ದರು. ಹೇಳಲೆಂದೇ ನಾನು ಬಂದಿದ್ದೆ. ಹಿಂದಿನ ದಿನ ಮಲಪನಗುಡಿ ಶಾಲೆಯಲ್ಲಿ ಋಣ ಸಂಖ್ಯೆಗಳ ಪಾಠ ನಡೆದಿತ್ತು. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ತೋರಿಸಲು ನಮ್ಮ ವಿದ್ಯಾರ್ಥಿ ಊರಿನ ಹಳೆಯ ಮೆಟ್ಟಿಲು ಬಾವಿಯನ್ನೇ ಬೋರ್ಡಿನ ಮೇಲೆ ಬರೆದಿದ್ದ. ನೀರಿನ ಮಟ್ಟ ಸೊನ್ನೆ. ಒಳಗಿನ ಮೆಟ್ಟಿಲುಗಳು ಮೈನಸ್ ಒಂದು, ಮೈನಸ್ ಎರಡು. ಮೈನಸ್ ಮೂರು ದೊಡ್ಡದೋ ಮೈನಸ್ ಏಳು ದೊಡ್ಡದೋ ಎಂದು ಕೇಳಿದ. ಕಿಟಕಿ ಪಕ್ಕದ ಹುಡುಗಿ ಮೈನಸ್ ಏಳೇ ದೊಡ್ಡದೆಂದಳು. ಅವನು ಅಲ್ಲವೆನ್ನುವ ಮೊದಲೇ ನಾನು ಎದ್ದು ಹೋಗಿ ಅವಳ ಪಕ್ಕ ಕೂತಿದ್ದೆ.

“ಹ್ಯಾಂಗ ಬಂತು ಅಂತ ಕೇಳಿದೆ” ಎಂದೆ. “ಆಕಿ ಅಂದ್ಲು, ‘ಮೂರನೇ ಮೆಟ್ಲಿಗೆ ನಿಂತ್ರ ಮೊಣಕಾಲು ಮುಳುಗ್ತೈತ್ರಿ. ಏಳನೇದಕ್ಕ ನಿಂತ್ರ ನಾನ ಮುಳುಗ್ತೀನಿ. ನಮ್ಮವ್ವಗ ಯಾವುದು ದೊಡ್ಡದು ಅಂತ ಕೇಳ್ರಿ!’”

ಹಂಪಮ್ಮನವರ ಕಣ್ಣು ದೊಡ್ಡವಾದವು. ದಿಂಬಿನಿಂದ ತಲೆ ಎತ್ತಲು ನೋಡಿದರು. “ಅವ್ವಾ... ಮುಳುಗೋ ಲೆಕ್ಕ ಹಿಡಿದಾಳ ಆಕಿ. ನೀವೇನಂದ್ರಿ?”

“‘ಹಂಗಾದ್ರ ನೀರಿನಿಂದ ಮ್ಯಾಲೆ ಬರೋರಿಗೆ ಯಾವ ಮೆಟ್ಲು ಎತ್ತರ?’ ಅಂದೆ. ಬೋರ್ಡಿನ ಮ್ಯಾಲಿನ ಮೆಟ್ಲು ಎಣಿಸಿ, ‘ಎತ್ತರ ಕೇಳಿದ್ರ ಮೂರು, ಆಳ ಕೇಳಿದ್ರ ಏಳು. ಎರಡೂ ಬ್ಯಾರೆ ಬ್ಯಾರೆ ದೊಡ್ಡದು’ ಅಂದ್ಲು.”

ಅವರು ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದೆ, ಅವರ ಮುಖದಲ್ಲಿ ಕಂಡಿದ್ದು ಅದೇ ಮೊದಲು.

“ಇಷ್ಟು ವರ್ಷ ಊರೂರು ತಿರುಗೀನಿ. ಇಂಥಾದ್ದೊಂದು ನನಗ ಸಿಗಲಿಲ್ಲ ನೋಡ್ರಿ. ಹೊಟ್ಟಿ ಉರೀತೈತ್ರಿ ಸುಜಾತಾ.”

ಕಾಯಿಲೆಯವರ ಕೋಣೆಯಲ್ಲಿ ಯಾರೂ ಪಡಬಾರದಷ್ಟು ಸಂತೋಷಪಟ್ಟೆ. ಗೌರಮ್ಮನವರು ಕೊಟ್ಟ ಚಹಾ ಕುಡಿದು ಏಳುವಾಗ ಹಂಪಮ್ಮ ನನ್ನ ಕೈ ಹಿಡಿದರು.

“ಹುಡುಗಿ ಹೆಸರೇನು?”

ನಾನು ಕೇಳಿರಲಿಲ್ಲ. ಅದನ್ನು ಹೇಳಿದೆ. ಅವರು ಕೈಯನ್ನು ಸ್ವಲ್ಪ ಒತ್ತಿ, “ಕೇಳ್ಕೊಂಡು ಫೋನ್ ಮಾಡ್ರಿ” ಎಂದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಲಪನಗುಡಿಯಲ್ಲಿದ್ದೆ. ಹೆಸರು ಕೇಳಿದ್ದಕ್ಕೆ ಆ ಹುಡುಗಿ ಹೆದರಿದಳು. “ನಾ ಹೇಳಿದ್ದು ತಪ್ಪಿತ್ತಂತೇನ್ರಿ?”

“ನಿನ್ನ ಲೆಕ್ಕ ಕೇಳಿ ಕಂಪ್ಲ್ಯಾಗ ಒಬ್ರು ಹೊಟ್ಟಿ ಉರ್ಕೊಂಡಾರ. ಅವರಿಗೆ ಹೇಳಬೇಕು” ಎಂದೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ಹೆಸರು ಹೇಳಿದಳು.

ಶಾಲೆಯ ಕಟ್ಟೆಯ ಮೇಲೆ ನಿಂತೇ ಫೋನ್ ಮಾಡಿದೆ. ಗೌರಮ್ಮನವರು ಎತ್ತಿದರು. “ಬೆಳಗ್ಗಿಂದ ಮಾತು ನಿಂತಾವ್ರಿ. ಕಿವಿ ಕೇಳಿಸ್ತೈತಿ. ಹೇಳ್ರಿ, ಹತ್ತಿರ ಹಿಡೀತೀನಿ.”

“ಹುಲಿಗೆಮ್ಮ” ಎಂದೆ. “ಆರನೇ ಕ್ಲಾಸು. ಹುಲಿಗೆಮ್ಮ ಅಂತ ಹೆಸರು, ಹಂಪಮ್ಮಾರ.”

ಆ ಕಡೆ ಉಸಿರಾಟದ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಗೌರಮ್ಮನವರ ದನಿ. “ಏನು ಹೇಳಿದ್ರಿ? ತುಟಿ ಅಲುಗಿಸ್ಲಿಕತ್ತಾಳ... ನಗಾಕತ್ತಾಳ ನೋಡ್ರಿ.”

ಮರುದಿನ ಹಂಪಮ್ಮ ತೀರಿಕೊಂಡರು. ಸಿಂಧುವನ್ನು ಕರೆದುಕೊಂಡು ಹೋದೆ. ಕಂಪ್ಲಿಯ ಮನೆಯ ಅಂಗಳ ತುಂಬಿ ಬೀದಿಯವರೆಗೆ ಜನ ನಿಂತಿದ್ದರು. ಎಲ್ಲೆಲ್ಲಿಯ ಶಾಲೆಗಳಲ್ಲೋ ಟೀಚರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಂಡು ಅಳುತ್ತಿದ್ದರು. ನನ್ನ ತಪ್ಪನ್ನ ಹಿಂಗ ಕೇಳಿದ್ರು, ನನ್ನ ಹಂಗ ಕೇಳಿದ್ರು, ನನ್ನ ಕಂಡ್ರ ಅವರಿಗೆ ಭಾಳ ಜೀವ. ಸಿಂಧು ಗೌರಮ್ಮನವರ ಮಡಿಲಲ್ಲಿ ಮುಖವಿಟ್ಟು ತನ್ನದೂ ಒಂದು ಹೇಳಿದಳು. ಪ್ರತಿಯೊಬ್ಬರಿಗೂ ತಮ್ಮನ್ನೇ ಹೆಚ್ಚು ಪ್ರೀತಿಸಿದರೆಂಬ ನಂಬಿಕೆ. ಒಂದೊಂದನ್ನೂ ಕೇಳುತ್ತ ಕೇಳುತ್ತ ನನಗೆ ಅಳುವಿನ ಜೊತೆಗೇ ಹೊಟ್ಟೆ ಉರಿಯುತ್ತಿತ್ತು.

ಯಾರೋ ನನ್ನ ಕಡೆ ತಿರುಗಿ, “ಮೇಡಂ, ನೀವು ಅವರ ಜೊತಿ ಭಾಳ ವರ್ಷ ಇದ್ರಿ. ನೀವೊಂದು ಹೇಳ್ರಿ” ಎಂದರು.

ಒಲ್ಲೆನೆಂದು ತಲೆಯಾಡಿಸಿದೆ. ಹುಲಿಗೆಮ್ಮನ ಹೆಸರು ಬಾಯಿಯವರೆಗೂ ಬಂದಿತ್ತು. ಅದೊಂದನ್ನು ಅವತ್ತು ನಾನು ಯಾರಿಗೂ ಕೊಡಲಿಲ್ಲ.